ಗಂಡ-ಹೆಂಡತಿ ಇಬ್ಬರಿಗೂ ಒಂದೇ ಜಿಮ್ ಚಾರ್ಟ್ ಬೇಡ

ಜೋಡಿಯಾಗಿ ಜಿಮ್‌ಗೆ ಸೇರಿದವರಿಗೆ ಒಂದೇ ಚಾರ್ಟ್ ಸಿಗುವುದು ಮಾಮೂಲು. ಇಬ್ಬರೂ ಹಾಗೇ ಪಾಲಿಸಿದರೆ ಒಬ್ಬರಿಗಂತೂ ನಷ್ಟ.

ಮೊದಲು ಓಟ. ಒಂದೇ ವೇಗದಲ್ಲಿ ಅಕ್ಕಪಕ್ಕ ಓಡಿದರೂ ಸಾಮಾನ್ಯವಾಗಿ ಹೆಂಡತಿಯ ಎದೆಬಡಿತವೇ ಜಾಸ್ತಿ. ಹೆಂಗಸರ ಹೃದಯ ಸ್ವಲ್ಪ ಚಿಕ್ಕದು, ಒಂದು ಬಡಿತಕ್ಕೆ ತಳ್ಳುವ ರಕ್ತ ಕಮ್ಮಿ, ಆ ರಕ್ತದಲ್ಲಿ ಹಿಮೋಗ್ಲೋಬಿನ್ನೂ ಕಮ್ಮಿ, ಹಾಗಾಗಿ ಅಷ್ಟೇ ಆಮ್ಲಜನಕ ಮುಟ್ಟಿಸಲು ಅದು ಹೆಚ್ಚು ಸಲ ಬಡಿಯಲೇಬೇಕು. ‘ನಿಂಗೆ ಸ್ಟ್ಯಾಮಿನಾ ಇಲ್ಲ’ ಅಂತ ದಯವಿಟ್ಟು ರೇಗಿಸಬೇಡಿ. ಓಡುತ್ತಾ ಒಂದೆರಡು ವಾಕ್ಯ ಮಾತಾಡಲು ಆಗಬೇಕು, ಅವರವರಿಗೆ ಅದೇ ಸರಿಯಾದ ವೇಗ.

ತೂಕ ಎತ್ತುವಾಗ ಗಂಡನ ಡಂಬಲ್ ನೋಡಿ ಲೆಕ್ಕ ಹಾಕಬೇಡಿ. ತೋಳು, ಭುಜದ ಬಲದಲ್ಲಿ ಇಬ್ಬರ ಅಂತರ ದೊಡ್ಡದು, ಕಾಲಿನಲ್ಲಿ ಅಷ್ಟಿಲ್ಲ. ಹತ್ತು ಸಲ ಎತ್ತಿದ ಮೇಲೆ ಇನ್ನೆರಡು ಸಲ ಆಗುತ್ತದೆ ಅನ್ನಿಸುವ ತೂಕ ಆರಿಸಿಕೊಳ್ಳಿ, ಅದು ಸುಲಭ ಆದಾಗ ಏರಿಸಿ. ಶುರುವಿನ ಬಲಕ್ಕೆ ಹೋಲಿಸಿದರೆ ಹೆಂಗಸರ ಬಲವೂ ಹೆಚ್ಚುಕಮ್ಮಿ ಗಂಡಸರಷ್ಟೇ ಪಾಲು ಏರುತ್ತದೆ. ಗಂಡಸರ ಥರ ಮೈಕಟ್ಟು ಬಂದುಬಿಡುತ್ತೆ ಅನ್ನೋ ಭಯ ಸುಮ್ನೆ. ಸ್ನಾಯು ಬೆಳೆಸುವ ಹಾರ್ಮೋನ್ ಟೆಸ್ಟೋಸ್ಟಿರಾನ್ ಗಂಡಸರಲ್ಲಿ ಹತ್ತು ಪಟ್ಟಿಗೂ ಜಾಸ್ತಿ ಇರುತ್ತದೆ ಅಲ್ವಾ? ಇನ್ನೊಂದು ವಿಷಯ, ಸೆಟ್‌ಗಳ, ಅಂದರೆ ಒಂದೊಂದು ಸುತ್ತು ಎತ್ತುವುದರ ನಡುವೆ ಹೆಂಗಸರು ಎಷ್ಟೋ ಸಲ ಬೇಗ ಸುಧಾರಿಸಿಕೊಳ್ಳುತ್ತಾರೆ. ಗಂಡ ಇನ್ನೂ ಏದುಸಿರು ಬಿಡುತ್ತಿದ್ದರೆ ಕಾಯಬೇಡಿ, ಮುಂದಿನ ಸೆಟ್ ಶುರು ಮಾಡಿ.

ಜಿಗಿಯುವ ವ್ಯಾಯಾಮ ಇದ್ದರೆ ಕನ್ನಡಿ ಮುಂದೆ ಮಾಡಿ. ನೆಲಕ್ಕೆ ಕಾಲಿಟ್ಟಾಗ ಮಂಡಿಗಳು ಒಳಗೆ ವಾಲುತ್ತವಾ ನೋಡಿ. ಜಿಗಿದು ತಿರುಗುವ ಆಟಗಳಲ್ಲಿ ಮಂಡಿಯ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಹರಿಯುವುದು ಹೆಂಗಸರಲ್ಲೇ ಹೆಚ್ಚು. ವಾಲಿದರೆ ಜಿಗಿತ ಬಿಟ್ಟು ಮೊದಲು ಸೊಂಟ, ತೊಡೆ ಗಟ್ಟಿ ಮಾಡಿಕೊಳ್ಳಿ.

ಎಷ್ಟು ಮಾಡಿದರೂ ಸುಸ್ತು ಹೋಗದಿದ್ದರೆ ಹಿಮೋಗ್ಲೋಬಿನ್ ಟೆಸ್ಟ್ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇತ್ತು, ಗಂಡಸರಲ್ಲಿ ಶೇ 25. ಹಿಮೋಗ್ಲೋಬಿನ್ (ಒಂದು ಡೆಸಿಲೀಟರ್ ರಕ್ತದಲ್ಲಿ) ಹೆಂಗಸರಿಗೆ 12 ಗ್ರಾಂಗಿಂತ, ಗಂಡಸರಿಗೆ 13 ಗ್ರಾಂಗಿಂತ ಕೆಳಗಿದ್ದರೆ ಡಾಕ್ಟರಿಗೆ ತೋರಿಸಿ. ಊಟದಲ್ಲಿನ ಕಬ್ಬಿಣದ ಅಂಶ ಮೈಗೆ ಹತ್ತಲು ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿ, ಊಟದ ಜೊತೆಗೇ ಕಾಫಿ, ಟೀ ಬೇಡ.

ಮುಟ್ಟಿನ ದಿನಗಳಲ್ಲಿ ವ್ಯಾಯಾಮ ಬಿಡಲೇಬೇಕು ಅಂತೇನಿಲ್ಲ. ಹೊಟ್ಟೆನೋವಿದ್ದರೆ ತೂಕ ಇಳಿಸಿ, ನಡೆದರೂ ಸಾಕು. ಆದರೆ ಊಟ ಕಡಿಮೆ ಮಾಡಿ ಜೋರಾಗಿ ವ್ಯಾಯಾಮ ಮಾಡುತ್ತಿರುವಾಗ ಮುಟ್ಟು ನಿಂತುಹೋದರೆ ಅದನ್ನು ಮಾತ್ರ ಕಡೆಗಣಿಸಬೇಡಿ. ಮೂಳೆ ಸವೆಯುತ್ತದೆ. ಊಟ ಹೆಚ್ಚಿಸಿ, ಸ್ತ್ರೀರೋಗ ತಜ್ಞರನ್ನು ಕಾಣಿ.