ಬರ್ಲಿನ್‌ನ ಹಳೇ ಬಡಾವಣೆಯಲ್ಲಿ ಹೊಸದಾಗಿ ರಿಪೇರಿಯಾದ ಮನೆ: ಬಾಡಿಗೆಗೆ ಹಿಡಿಯುವ ಮುನ್ನ

ಬೆಂಗಳೂರಿನ 1 ಬಿಎಚ್‌ಕೆ ಲೆಕ್ಕವನ್ನು ಬರ್ಲಿನ್‌ಗೆ ತರಬೇಡಿ. ಇಲ್ಲಿ ಹಾಲೂ ಒಂದು ರೂಮು, ಬೆಡ್‌ರೂಮೂ ಒಂದು ರೂಮು. ಹಾಗಾಗಿ ಒಂದು ಬೆಡ್‌ರೂಮಿನ ಮನೆ ಬೇಕಿದ್ದರೆ '2 ತ್ಸಿಮ್ಮರ್', ಅಂದರೆ ಎರಡು ರೂಮು ಎಂದು ಹುಡುಕಬೇಕು. '1 ತ್ಸಿಮ್ಮರ್' ಅಂದರೆ ಕೂರುವುದು, ಮಲಗುವುದು ಎಲ್ಲ ಒಂದೇ ಕಡೆ.

ಪ್ರೆನ್ಸ್‌ಲಾವರ್ ಬೆರ್ಗ್‌ನಂಥ ಬಡಾವಣೆಯಲ್ಲಿ ಸಿಗುವುದು ಹೆಚ್ಚಾಗಿ ಆಲ್ಟ್‌ಬಾವ್, ಅಂದರೆ 1914ಕ್ಕಿಂತ ಮುಂಚಿನ ಕಟ್ಟಡ. ಎತ್ತರದ ಸೂರು, ಮರದ ನೆಲ, ಗೋಡೆಯಂಚಿಗೆ ಗಾರೆಯ ಹೂಬಳ್ಳಿ. ಫೋಟೊ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಮನೆ ರಸ್ತೆ ಕಡೆಯ ಫೋರ್ಡರ್‌ಹೌಸ್‌ನಲ್ಲಿದೆಯೋ, ಅಂಗಳ ದಾಟಿ ಒಳಗಿರುವ ಹಿಂಟರ್‌ಹೌಸ್‌ನಲ್ಲಿದೆಯೋ ಕೇಳಿ. 1887ರವರೆಗೆ ಅಂಗಳಕ್ಕೆ ಕಾನೂನು ಕೇಳಿದ್ದ ಕನಿಷ್ಠ ಅಳತೆ 5.34 ಮೀಟರ್ ಉದ್ದ, ಅಷ್ಟೇ ಅಗಲ. ಬೆಂಕಿ ಆರಿಸುವ ಗಾಡಿ ತಿರುಗಲು ಅಷ್ಟು ಸಾಕಿತ್ತು. ಬಿಸಿಲಿನ ಯೋಚನೆ ಯಾರೂ ಮಾಡಿರಲಿಲ್ಲ. ಡಿಸೆಂಬರ್‌ನಲ್ಲಿ ಸಂಜೆ 4 ಗಂಟೆಗೆಲ್ಲ ಕತ್ತಲಾಗುವ ಊರಿದು, ಹಿಂದಿನ ಕಟ್ಟಡದ ಕೆಳಮಹಡಿಯಾದರೆ ಹಗಲಲ್ಲೂ ದೀಪ ಬೇಕಾಗಬಹುದು. ಲಿಫ್ಟ್ ಇದೆಯಾ ಅಂತಲೂ ವಿಚಾರಿಸಿ. ಎಷ್ಟೋ ಕಡೆ ಇರುವುದಿಲ್ಲ.

ಈಗ ಮುಖ್ಯ ವಿಷಯ. 'ರಿಪೇರಿಯಾಗಿದೆ' ಎಂದಾಗ ಏನೇನು ಆಗಿದೆ, ಯಾವಾಗ ಆಗಿದೆ ಅಂತ ಕೇಳಲೇಬೇಕು. ಬಾಡಿಗೆ ನಿಂತಿರುವುದೇ ಅದರ ಮೇಲೆ. ಬರ್ಲಿನ್‌ನಲ್ಲಿ 2015ರ ಜೂನ್‌ನಿಂದ ಮೀಟ್‌ಪ್ರೈಸ್‌ಬ್ರೆಮ್ಸೆ ಎಂಬ ಬಾಡಿಗೆ ಮಿತಿ ಇದೆ. ಹೊಸ ಬಾಡಿಗೆದಾರರಿಗೆ ಆ ಜಾಗದ ಸಾಮಾನ್ಯ ಬಾಡಿಗೆಗಿಂತ ಶೇ 10ಕ್ಕೂ ಜಾಸ್ತಿ ಕೇಳುವಂತಿಲ್ಲ. ಆ ಸಾಮಾನ್ಯ ಬಾಡಿಗೆ ಎಷ್ಟೆಂದು ನಗರದ ಮೀಟ್‌ಶ್ಪೀಗೆಲ್ ಪಟ್ಟಿಯಲ್ಲಿ ನೋಡಬಹುದು. ಆದರೆ ಮನೆಯನ್ನು ಬುಡದಿಂದ ಆಧುನಿಕ ಮಾಡಿ, ಆಮೇಲೆ ಮೊದಲ ಸಲ ಬಾಡಿಗೆಗೆ ಕೊಡುವಾಗ ಈ ಮಿತಿ ಅನ್ವಯಿಸುವುದಿಲ್ಲ. ಬುಡದಿಂದ ಅಂದರೆ ಹೊಸ ಮನೆ ಕಟ್ಟುವ ಖರ್ಚಿನ ಹೆಚ್ಚುಕಮ್ಮಿ ಮೂರನೇ ಒಂದು ಭಾಗದಷ್ಟು ಹಣ ಸುರಿದಿರಬೇಕು: ವೈರಿಂಗ್, ಹೀಟಿಂಗ್, ಕಿಟಕಿ, ಬಾತ್‌ರೂಮ್, ಹೀಗೆ. ಬಣ್ಣ ಬಳಿದು ನೆಲ ಉಜ್ಜಿ ಪಾಲಿಶ್ ಹಾಕಿದ್ದು ಲೆಕ್ಕಕ್ಕೆ ಬರುವುದಿಲ್ಲ. ಕೆಲವು ಮಾಲೀಕರು ಬಣ್ಣ ತೋರಿಸಿಯೇ ಮಿತಿ ಮೀರಿದ ಬಾಡಿಗೆ ಕೇಳುತ್ತಾರೆ!

ಮಿತಿಯಿಂದ ವಿನಾಯಿತಿ ಇದೆ ಎನ್ನುವ ಮಾಲೀಕರು ಅದನ್ನು ಕರಾರಿಗೆ ಮುಂಚೆಯೇ ಬರಹದಲ್ಲಿ ತಿಳಿಸಬೇಕು. ಹಿಂದಿನವರು ಕಟ್ಟುತ್ತಿದ್ದ ಜಾಸ್ತಿ ಬಾಡಿಗೆಯನ್ನೇ ನಿಮ್ಮಿಂದಲೂ ಕೇಳುವುದಾದರೂ ಅಷ್ಟೇ. ಬಾಡಿಗೆ ಮಿತಿ ಮೀರಿದೆ ಎನಿಸಿದರೆ ಮನೆ ಸೇರಿದ 30 ತಿಂಗಳೊಳಗೆ ಬರಹದಲ್ಲಿ ಆಕ್ಷೇಪಿಸಿ. ಮೊದಲ ತಿಂಗಳಿಂದ ಕೊಟ್ಟ ಹೆಚ್ಚುವರಿ ಹಣ ವಾಪಸ್ ಕೇಳಬಹುದು. ಒಬ್ಬರೇ ಪತ್ರ ಬರೆಯಲು ಅಳುಕಿದ್ದರೆ ಬಾಡಿಗೆದಾರರ ಸಂಘದ ಸದಸ್ಯರಾಗಿ, ಅಲ್ಲಿನ ವಕೀಲರು ಕರಾರು ಓದಿ ಹೇಳುತ್ತಾರೆ. ಮಾಲೀಕರ ಜೊತೆ ಜಗಳ ಯಾಕೆ ಎಂದು ನಮ್ಮವರು ಸುಮ್ನೆ ಇದ್ದುಬಿಡುತ್ತಾರೆ. ಇಲ್ಲಿ ಇದನ್ನು ಯಾರೂ ಜಗಳ ಅಂದುಕೊಳ್ಳುವುದಿಲ್ಲ.

ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವುದು ಸಾಮಾನ್ಯವಾಗಿ ಕಾಲ್ಟ್‌ಮೀಟೆ, ಅಂದರೆ ಬರೀ ಬಾಡಿಗೆ. ನೀರು, ಕಸ, ಮೆಟ್ಟಿಲು ಸ್ವಚ್ಛತೆ, ಹೀಟಿಂಗ್ ಸೇರಿದರೆ ವಾರ್ಮ್‌ಮೀಟೆ. ಹಳೇ ಕಟ್ಟಡದಲ್ಲಿ ಇಲ್ಲೊಂದು ಕೊಕ್ಕೆ ಇದೆ. ಹೀಟಿಂಗ್‌ಗೆ ಮನೆಯೊಳಗೇ ಗ್ಯಾಸ್ ಬಾಯ್ಲರ್ ಇದ್ದರೆ, ಗ್ಯಾಸ್ ಕರಾರು ನಿಮ್ಮ ಹೆಸರಲ್ಲೇ ಬರುತ್ತದೆ. ಆ ಬಿಲ್ಲು ವಾರ್ಮ್‌ಮೀಟೆಯಲ್ಲಿ ಇರುವುದಿಲ್ಲ. ಅಡುಗೆಮನೆಯ ಅಥವಾ ಬಾತ್‌ರೂಮಿನ ಗೋಡೆಯಲ್ಲಿ ಬಿಳಿ ಡಬ್ಬ ನೇತಾಡುತ್ತಿದ್ದರೆ ವಿಚಾರಿಸಿ. ಕರೆಂಟು, ಇಂಟರ್‌ನೆಟ್ ಬೇರೆ. ಮನೆಗೊಂದರಂತೆ ತಿಂಗಳಿಗೆ 18.36 ಯೂರೊ ಟಿವಿ-ರೇಡಿಯೊ ಶುಲ್ಕವೂ ಇದೆ, ಟಿವಿ ಇಲ್ಲದಿದ್ದರೂ.

ಅಡುಗೆಮನೆ ಅಂತ ಇದ್ದರೂ ಒಲೆ, ಸಿಂಕ್, ಕಪಾಟು ಏನೂ ಇಲ್ಲದಿರಬಹುದು. ಹಿಂದಿನವರು ಬಿಟ್ಟುಹೋಗುವ ಕಪಾಟಿಗೆ ಹಣ ಕೇಳಿದರೆ ಚೌಕಾಸಿ ಮಾಡಿ. ಹೊಗೆ ಎಳೆಯುವ ಹುಡ್ ಎಷ್ಟೋ ಕಡೆ ಹೊಗೆಯನ್ನು ಹೊರಗೆ ಬಿಡುವುದೇ ಇಲ್ಲ, ಫಿಲ್ಟರ್ ಮಾಡಿ ಒಳಗೇ ಬಿಡುತ್ತದೆ. ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆ ಹಾಕಿದ ದಿನ ಗೊತ್ತಾಗುತ್ತದೆ. ಅದಕ್ಕಿಂತ ಕಾಟ ಕೊಡುವುದು ಬೂಷ್ಟು. ಹಳೇ ಗೋಡೆಗೆ ಹೊಸ ಬಿಗಿ ಕಿಟಕಿ ಕೂರಿಸಿದ್ದರೆ, ಕುಕ್ಕರ್ ಹಬೆ, ಒಳಗೇ ಒಣಗುವ ಬಟ್ಟೆಯ ತೇವ ಎಲ್ಲ ಹೊರಗೋಡೆಯ ಮೂಲೆ ಸೇರುತ್ತದೆ. ಚಳಿಗಾಲದಲ್ಲೂ ದಿನಕ್ಕೆರಡು ಮೂರು ಸಲ ಐದು ನಿಮಿಷ ಕಿಟಕಿ ಪೂರ್ತಿ ತೆರೆಯಿರಿ. ಓರೆ ಮಾಡಿಟ್ಟರೆ ಗೋಡೆ ತಣ್ಣಗಾಗುತ್ತದೆಯೇ ಹೊರತು ತೇವ ಹೋಗುವುದಿಲ್ಲ. ಮನೆ ನೋಡಲು ಹೋದಾಗಲೇ ಬೀರು ಇಡುವ ಮೂಲೆಯನ್ನೊಮ್ಮೆ ಮೂಸಿ ನೋಡಿ, ನಾಚಿಕೆ ಬೇಡ.

ಅಡ್ವಾನ್ಸ್ ವಿಷಯದಲ್ಲಿ ಬೆಂಗಳೂರಿಗಿಂತ ನೆಮ್ಮದಿ. ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಜಾಸ್ತಿ ಕೇಳುವಂತಿಲ್ಲ, ಅದನ್ನೂ ಮೂರು ಕಂತಲ್ಲಿ ಕಟ್ಟುವ ಹಕ್ಕಿದೆ. ಮನೆ ನೋಡದೆ ದುಡ್ಡು ಕಳಿಸಬೇಡಿ. 'ಬೇರೆ ದೇಶದಲ್ಲಿದ್ದೇನೆ, ಕೀಲಿ ಕೊರಿಯರ್ ಮಾಡುತ್ತೇನೆ' ಎನ್ನುವ ಮಾಲೀಕ ಮೋಸಗಾರನೇ. ಏಜೆಂಟನ್ನು ಕರೆಸಿದ್ದು ಮಾಲೀಕರಾದರೆ ಕಮಿಷನ್ ಅವರದೇ.

ಅರ್ಜಿಗೆ ಮೂರು ತಿಂಗಳ ಸಂಬಳದ ಚೀಟಿ, ಶೂಫಾ ಎಂಬ ಸಾಲದ ವರದಿ ಕೇಳುತ್ತಾರೆ. ಹೊಸದಾಗಿ ಬಂದವರ ಬಳಿ ಇವು ಇರುವುದಿಲ್ಲ ಅಲ್ವಾ? ಕೆಲಸದ ಕರಾರು ಮುಂದಿಡಿ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ ಆಗಬೇಕು, ಅದಕ್ಕೆ ಮಾಲೀಕರು ಸಹಿ ಮಾಡಿದ ವಾಸದ ಪತ್ರ ಬೇಕು. ಆ ಪತ್ರ ಕೊಡುವುದಿಲ್ಲ ಎನ್ನುವ ಮನೆ ಎಷ್ಟೇ ಚೆನ್ನಾಗಿದ್ದರೂ ಬಿಡಿ.

ಕೀಲಿ ಪಡೆಯುವ ದಿನ ಇಬ್ಬರೂ ಸೇರಿ ಹಸ್ತಾಂತರದ ಪಟ್ಟಿ ಬರೆಯುತ್ತೀರಿ. ಅವಸರ ಬೇಡ. ಮರದ ನೆಲದ ಗೀರು, ಟೈಲ್‌ನ ಬಿರುಕು, ಮೀಟರಿನ ಅಂಕಿ, ಕೀಲಿ ಎಷ್ಟು, ಎಲ್ಲ ಅದರಲ್ಲಿರಲಿ, ಫೋಟೊ ಸಮೇತ. ನೆಲಮಾಳಿಗೆಯಲ್ಲಿ ನಿಮಗೊಂದು ಗೂಡು ಇದ್ದರೆ ಅದರ ಬೀಗವನ್ನೂ ಅಂದೇ ತೆಗೆದು ನೋಡಿ. ಹಿಂದಿನವರ ಹಳೇ ಹಾಸಿಗೆ ಒಳಗಿದ್ದರೆ ಅದನ್ನೂ ಪಟ್ಟಿಯಲ್ಲಿ ಬರೆಸಿ, ಇಲ್ಲವಾದರೆ ಮನೆ ಬಿಡುವಾಗ ಅದನ್ನು ಸಾಗಿಸುವ ಖರ್ಚು ನಿಮ್ಮ ತಲೆಗೆ ಬರಬಹುದು.