ನನ್ನ ಬ್ಲಾಗ್ ಬರವಣಿಗೆ: ಆಗ ಹೇಗಿತ್ತು, ಈಗ ಹೇಗೆ ಬರೆಯುತ್ತೇನೆ

ಮಂಡ್ಯದ ಆಲೆಮನೆ, ನಾಲೆ, ಸಂತೆ, ನಮ್ಮ ಕಡೆ ಅಡುಗೆ. ನಾನು ಬ್ಲಾಗಿನಲ್ಲಿ ಬರೆದುಕೊಂಡು ಬಂದಿರುವುದು ಇವನ್ನೇ. ಬರೆಯುವ ರೀತಿ ಮಾತ್ರ ತುಂಬಾ ಬದಲಾಗಿದೆ.

ಶುರುವಿನಲ್ಲಿ ಪರದೆ ಮೇಲೆ ಕನ್ನಡ ಸರಿಯಾಗಿ ಮೂಡಿದರೆ ಅದೇ ದೊಡ್ಡದು. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಗೋಜಲು. ಹಾಗಾಗಿ ಯಾವುದೋ ಒಂದೇ ಫಾಂಟಿಗೆ ಅಂಟಿಕೊಳ್ಳದ ಯೂನಿಕೋಡ್ ಎಂಬ ಅಕ್ಷರ ಪದ್ಧತಿಗೆ ಬದಲಾಯಿಸಿ ಹಾಕುತ್ತಿದ್ದೆ. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯೂನಿಕೋಡ್ ಫಾಂಟ್ ಇತ್ತು, ಆದರೆ ಭಾಷೆಯ ಸೆಟ್ಟಿಂಗ್ ಆನ್ ಮಾಡದಿದ್ದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ.

ಓದುಗರು ಕಮ್ಮಿ ಇದ್ದರು. ಆದರೆ ಬಂದವರು ಕೂತು ಓದುತ್ತಿದ್ದರು. ಆಲೆಮನೆ ಬಗ್ಗೆ ಬರೆದದ್ದು ಚೆನ್ನಾಗಿ ನೆನಪಿದೆ. ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬಂತಾ ಅಂತ ಒಂದು ತೊಟ್ಟು ನೀರಿಗೆ ಬಿಟ್ಟು ನೋಡುವುದನ್ನು ವಿವರಿಸಿದ್ದೆ. ಕೆಳಗೆ ಒಬ್ಬರು, ಕಬ್ಬಿನ ಹಾಲಿನ ಕೊಳೆ ತೆಗೆಯಲು ತಮ್ಮೂರಲ್ಲಿ ಬೆಂಡೆ ಗಿಡ ಜಜ್ಜಿ ಅದರ ಲೋಳೆ ಹಾಕುತ್ತಿದ್ದರು ಅಂತ ಬರೆದರು. ಇನ್ನೊಬ್ಬರು ಸುಣ್ಣ ಎಷ್ಟು ಹಾಕಬೇಕು ಅಂತ ಕೇಳಿದರು, ಮೂರನೆಯವರು ಉತ್ತರ ಕೊಟ್ಟರು. ಕೊನೆಗೆ ನನ್ನ ಬರಹಕ್ಕಿಂತ ಕಾಮೆಂಟುಗಳೇ ಜಾಸ್ತಿಯಾದವು. ನನಗೆ ಬ್ಲಾಗ್ ಅಂದರೆ ಇವತ್ತಿಗೂ ಅದೇ.

ಆಗ ಎಲ್ಲರ ಬ್ಲಾಗಿನ ಪಕ್ಕದಲ್ಲೂ ಗೆಳೆಯರ ಬ್ಲಾಗುಗಳ ಪಟ್ಟಿ ಇರುತ್ತಿತ್ತು. ಒಂದರಿಂದ ಇನ್ನೊಂದಕ್ಕೆ ಹೋಗುತ್ತಾ ರಾತ್ರಿ ಕಳೆಯುತ್ತಿತ್ತು. ಹೊಸದು ಬಂದಿದೆಯಾ ಅಂತ ನೋಡಲು ಗೂಗಲ್ ರೀಡರ್ ಇತ್ತು. 2013ರ ಜುಲೈನಲ್ಲಿ ಅದು ನಿಂತಿತು. ಅಷ್ಟೊತ್ತಿಗಾಗಲೇ ಜನ ಸಾಮಾಜಿಕ ಜಾಲತಾಣಗಳಿಗೆ ಹೊರಟಿದ್ದರು. ಮಾತುಕತೆಯೂ ಅವರ ಜೊತೆಗೇ ಹೋಯಿತು. ಅಲ್ಲಿ ಬೆಳಿಗ್ಗೆ ನೂರಾರು ಜನ ಓದಿದ ಬರಹ ವಾರ ಕಳೆದರೆ ಹುಡುಕಿದರೂ ಸಿಗುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಬೆಂಡೆ ಲೋಳೆಯಂಥ ವಿವರ ಹೇಳುವ ಹಿರಿಯರು ದಿನಾ ಸಿಗುತ್ತಾರಾ?

ಅದಕ್ಕೇ ಈಗ ಮೊದಲು ಬ್ಲಾಗಿಗೆ ಹಾಕುತ್ತೇನೆ. ಜಾಲತಾಣದಲ್ಲಿ ನಾಲ್ಕು ಸಾಲು ಮತ್ತು ಕೊಂಡಿ ಅಷ್ಟೇ. ಅಲ್ಲಿ ಯಾರಾದರೂ ಒಳ್ಳೆಯ ಮಾಹಿತಿ ಕೊಟ್ಟರೆ, ಅವರನ್ನು ಕೇಳಿಯೇ ಬ್ಲಾಗ್ ಬರಹದ ಕೆಳಗೆ ಸೇರಿಸುತ್ತೇನೆ. ಊರು, ಕಾಲ, ನನ್ನ ಹೆಸರು ಬರಹದ ಒಳಗೇ ಬರುವ ಹಾಗೆ ನೋಡಿಕೊಳ್ಳುತ್ತೇನೆ. ಯಾಕೆಂದರೆ ಮೊಬೈಲ್ ಗುಂಪುಗಳಲ್ಲಿ ಪೂರ್ತಿ ಬರಹ ಕಾಪಿಯಾಗಿ ಓಡಾಡುತ್ತದೆ, ಕೊನೆಯಲ್ಲಿರುವ ಹೆಸರು ಮೊದಲು ಉದುರುತ್ತದೆ. ಶೀರ್ಷಿಕೆಯಲ್ಲಿ ಚಮತ್ಕಾರ ಬಿಟ್ಟಿದ್ದೇನೆ. ‘ಆಲೆಮನೆಯಲ್ಲಿ ಬೆಲ್ಲ ಮಾಡುವ ವಿಧಾನ’ ಅಂತ ನೇರವಾಗಿ ಇಟ್ಟರೆ ಹುಡುಕುವವರಿಗೆ ಸಿಗುತ್ತದೆ. ಪ್ಯಾರಾಗಳೂ ಚಿಕ್ಕದಾಗಿವೆ, ಎಲ್ಲರೂ ಓದುವುದು ಫೋನಿನಲ್ಲೇ ಅಲ್ವಾ?

ನಾನು ಬರೆಯುವ ಗೂಗಲ್‌ನ ಬ್ಲಾಗ್ ಸೇವೆ ಬ್ಲಾಗರ್‌ನ ಸೆಟ್ಟಿಂಗ್‌ನಲ್ಲಿ ಬ್ಯಾಕಪ್ ಇಳಿಸಿಕೊಳ್ಳುವ ಅವಕಾಶವಿದೆ. ಬರಹ, ಕಾಮೆಂಟ್ ಎರಡೂ ಅದರಲ್ಲಿ ಬರುತ್ತವೆ. ಫೋಟೋಗಳನ್ನು ನಾನು ಬೇರೆಯಾಗಿಯೇ ಇಟ್ಟುಕೊಳ್ಳುತ್ತೇನೆ.

ಪಕ್ಕದ ಪಟ್ಟಿಯನ್ನು ನಾನಿನ್ನೂ ತೆಗೆದಿಲ್ಲ. ಎಷ್ಟೋ ಕೊಂಡಿಗಳು ಈಗ ತೆರೆಯುವುದಿಲ್ಲ. ಅಂಥವುಗಳ ವಿಳಾಸವನ್ನು, ವೆಬ್ ಪುಟಗಳ ಹಳೆಯ ಪ್ರತಿಗಳನ್ನು ಕೂಡಿಡುವ ವೇಬ್ಯಾಕ್ ಮೆಷಿನ್ ಎಂಬ ತಾಣದಲ್ಲಿ ಹಾಕಿ ಹುಡುಕುತ್ತೇನೆ, ಹಳೆಯ ಪ್ರತಿ ಸಿಕ್ಕರೆ ಕೊಂಡಿಯನ್ನು ಅದಕ್ಕೆ ಬದಲಾಯಿಸುತ್ತೇನೆ. ಎಷ್ಟೋ ಸಲ ಚಿತ್ರ ಸಿಗದಿದ್ದರೂ ಬರಹ ಸಿಗುತ್ತದೆ.