ಐ5 ಅಂದರೆ ಸಾಲದು, ಮುಂದಿನ ನಂಬರ್ ಕೇಳಿ: ಮನೆಗೆ ಕಡಿಮೆ ದುಡ್ಡಿನಲ್ಲಿ ಡೆಸ್ಕ್‌ಟಾಪ್ ಕೊಳ್ಳುವುದು ಹೇಗೆ?

ಮಗಳು ಪಿಯುಸಿಗೆ ಬಂದಳು, ಮನೆಗೊಂದು ಕಂಪ್ಯೂಟರ್ ಬೇಕು. ಅಂಗಡಿಗೆ ಹೋಗಿ ‘ಐ5 ಇದೆಯಾ? 16 ಜಿಬಿ ರ‍್ಯಾಮ್ ಇದೆಯಾ?’ ಅಂತ ಕೇಳುತ್ತಾರೆ. ಇದೆ ಎನ್ನುತ್ತಾರೆ. ದುಡ್ಡು ಕೊಟ್ಟು ತರುತ್ತಾರೆ. ಕ್ಯಾಬಿನೆಟ್ ಫಳಫಳ ಹೊಸದು, ಮುಂದೆ ಬಣ್ಣಬಣ್ಣದ ಲೈಟು. ಒಳಗಿರುವ ಪ್ರೊಸೆಸರ್ (ಕಂಪ್ಯೂಟರಿನ ಮಿದುಳಿನಂಥ ಚಿಪ್) ಮಾತ್ರ 2012ರದ್ದು. ನೆಂಟರಲ್ಲಿ, ಅಕ್ಕಪಕ್ಕದ ಮನೆಗಳಲ್ಲಿ ಇದೇ ಕಥೆ ಮತ್ತೆ ಮತ್ತೆ ನೋಡಿ ಇದನ್ನು ಬರೆಯುತ್ತಿದ್ದೇನೆ. ಅಂಗಡಿಯವರು ಸುಳ್ಳು ಹೇಳಿರುವುದಿಲ್ಲ, ಅದು ಐ5 ಹೌದು. ಯಾವ ಕಾಲದ ಐ5 ಅಂತ ಇವರು ಕೇಳಿರುವುದಿಲ್ಲ, ಅಷ್ಟೆ.

ಮೊದಲು, ಕೆಲಸ ಏನು ಅಂತ ಬರೆದುಕೊಳ್ಳಿ

ಪಹಣಿ ತೆಗೆಯುವುದು, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವುದು, ಸಿಇಟಿ ಫಾರಂ ತುಂಬುವುದು, ಆನ್‌ಲೈನ್ ಪಾಠ, ಯೂಟ್ಯೂಬ್, ಒಂದಿಷ್ಟು ಟೈಪಿಂಗ್, ಮನೆಯ ಲೆಕ್ಕ. ಬಹುತೇಕ ಮನೆಗಳ ಪಟ್ಟಿ ಇಷ್ಟೇ. ಇಷ್ಟಕ್ಕೆ ದುಬಾರಿ ಮಷೀನ್ ಬೇಡವೇ ಬೇಡ. ಗೇಮ್ ಅಥವಾ ವಿಡಿಯೊ ಎಡಿಟಿಂಗ್ ಇದ್ದರೆ ಮಾತ್ರ ಲೆಕ್ಕ ಬೇರೆ, ಅದು ಈ ಲೇಖನದ ವಿಷಯವಲ್ಲ.

ಹೊಸದೋ, ಅಸೆಂಬಲ್ಡೋ, ರಿಫರ್ಬಿಶ್ಡೋ?

ನನ್ನ ಸಲಹೆ ಸ್ಪಷ್ಟ. ದುಡ್ಡು ಕಡಿಮೆ ಇದ್ದರೆ ಆಫೀಸುಗಳಿಂದ ಬಂದ ಬ್ರ್ಯಾಂಡೆಡ್ ರಿಫರ್ಬಿಶ್ಡ್ (ಬಳಸಿದ್ದನ್ನು ಸರಿಮಾಡಿ ಮಾರುವ) ಮಷೀನ್ ತಗೊಳ್ಳಿ. ದೊಡ್ಡ ಕಂಪನಿಗಳು ಕೆಲವು ವರ್ಷ ಬಳಸಿ ಕಂಪ್ಯೂಟರುಗಳನ್ನು ಲಾಟ್‌ನಲ್ಲಿ ಬಿಡುತ್ತವೆ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೊಡೆಸ್ಕ್ ಮತ್ತು ಎಲೀಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್, ಈ ಹೆಸರುಗಳು ನೆನಪಿರಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ಜಿಲ್ಲಾ ಕೇಂದ್ರಗಳಲ್ಲಿ ಕೇಳಿದರೆ ತರಿಸಿಕೊಡುವವರಿದ್ದಾರೆ. ದಿನವಿಡೀ ಓಡಲೆಂದೇ ಮಾಡಿದ ಮಷೀನುಗಳಿವು. ಒಳಗಿನ ಎಸ್‌ಎಂಪಿಎಸ್ (ಕರೆಂಟು ಒದಗಿಸುವ ಡಬ್ಬಿ) ಗಟ್ಟಿ, ಫ್ಯಾನ್ ಸದ್ದು ಕಡಿಮೆ. ಒಂದು ಕೊರತೆ ಇದೆ: ಎಸ್‌ಎಂಪಿಎಸ್, ಮದರ್‌ಬೋರ್ಡ್ (ಎಲ್ಲ ಭಾಗಗಳು ಕೂರುವ ಮುಖ್ಯ ಬೋರ್ಡ್) ಕೆಟ್ಟರೆ ಅದೇ ಕಂಪನಿಯ ಬಿಡಿಭಾಗವೇ ಬೇಕಾಗುತ್ತದೆ, ಬೇರೆಯದು ಕೂರುವುದಿಲ್ಲ.

ಹೊಸದೇ ಬೇಕು ಅನ್ನುವವರಿಗೆ ಇಂಟೆಲ್ ಕಂಪನಿಯ ಎನ್100 ಪ್ರೊಸೆಸರ್ ಇರುವ ಮಿನಿ ಪಿಸಿ ಸಾಕು. ಅಂಗೈ ಅಗಲದ ಡಬ್ಬಿ, ಕರೆಂಟು ಕಡಿಮೆ, ಮೇಲಿನ ಪಟ್ಟಿಯ ಕೆಲಸವನ್ನೆಲ್ಲ ಮಾಡುತ್ತದೆ. ಬಹಳ ಅಗ್ಗದ ಮಷೀನುಗಳಲ್ಲಿ ಹಾಕುವ ಸೆಲೆರಾನ್ ಎನ್4020 ಮಾತ್ರ ಬೇಡ, ನಾಲ್ಕು ಟ್ಯಾಬ್ ತೆರೆದರೆ ಏದುಸಿರು ಬಿಡುತ್ತದೆ.

ಪ್ರೊಸೆಸರ್ ನಂಬರ್ ಓದುವುದು: ಇಲ್ಲೇ ಜನ ಎಡವುವುದು

ಐ3, ಐ5, ಐ7 ಅನ್ನುವುದು ದರ್ಜೆ ಮಾತ್ರ. ಯಾವ ತಲೆಮಾರಿನದು ಅಂತ ಹೇಳುವುದು ಅದರ ಮುಂದಿನ ನಂಬರ್. ಹಳೆ ಸ್ಕೂಟರ್ ಕೊಳ್ಳುವಾಗ ಆರ್‌ಸಿ ತೆಗೆಸಿ ಯಾವ ಇಸವಿಯದು ಅಂತ ನೋಡುತ್ತೇವಲ್ವಾ, ಇಲ್ಲಿ ಆ ನಂಬರೇ ಆರ್‌ಸಿ.

ಐ5-3470 ಅಂತಿದ್ದರೆ ಗೆರೆಯ ನಂತರದ ಮೊದಲ ಅಂಕಿ 3. ಅಂದರೆ ಮೂರನೇ ಜನರೇಷನ್, 2012ರದ್ದು. ಐ7-2600 ಅಂದರೆ ಎರಡನೇ ಜನರೇಷನ್, 2011ರದ್ದು. ಐ5-8500 ಎಂಟನೇ ಜನರೇಷನ್, 2018ರದ್ದು. ನಾಲ್ಕರ ಬದಲು ಐದು ಅಂಕಿ ಇದ್ದರೆ ಮೊದಲ ಎರಡನ್ನು ಸೇರಿಸಿ ಓದಿ: ಐ3-10100 ಹತ್ತನೆಯದು, ಐ5-12400 ಹನ್ನೆರಡನೆಯದು.

ದರ್ಜೆಗಿಂತ ಜನರೇಷನ್ ಮುಖ್ಯ. ಹತ್ತನೇ ಜನರೇಷನ್‌ನ ಐ3-10100, ಎರಡನೇ ಜನರೇಷನ್‌ನ ಐ7-2600ಗಿಂತ ವೇಗ. ಆದರೂ ‘ಐ7’ ಅನ್ನುವ ಸ್ಟಿಕ್ಕರ್ ಕಂಡ ಕೂಡಲೇ ಜಾಸ್ತಿ ದುಡ್ಡು ಕೊಡುವವರಿದ್ದಾರೆ. ದಯವಿಟ್ಟು ಸ್ಟಿಕ್ಕರ್ ನಂಬಬೇಡಿ, ಅದನ್ನು ಯಾರು ಬೇಕಾದರೂ ಅಂಟಿಸಬಹುದು.

ಎಷ್ಟನೇ ಜನರೇಷನ್‌ವರೆಗೆ ಇಳಿಯಬಹುದು? ಎಂಟು. ಅದಕ್ಕಿಂತ ಕೆಳಗೆ ಬೇಡ. ಕಾರಣ ಬರೀ ವೇಗವಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈಗ ಬೇಕಾಗಿರುವುದು ವಿಂಡೋಸ್ 11. ಅದು ಅಧಿಕೃತವಾಗಿ ನಡೆಯುವುದು ಇಂಟೆಲ್‌ನ ಎಂಟನೇ ಜನರೇಷನ್ ಮತ್ತು ಅದರ ಮೇಲಿನ ಪ್ರೊಸೆಸರುಗಳಲ್ಲಿ. ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆಯೂ ಇರಬೇಕು. ಇಂಟೆಲ್ ಬದಲು ಎಎಂಡಿ ಕಂಪನಿಯ ಪ್ರೊಸೆಸರ್ ಆದರೆ ರೈಜೆನ್ 3000 ಸರಣಿಯಿಂದ ಮೇಲಿನದನ್ನು ನೋಡಿ.

‘ನಾಲ್ಕನೇ ಜನರೇಷನ್ನಾದರೂ ವಿಂಡೋಸ್ 11 ಹಾಕಿಕೊಡ್ತೀವಿ’ ಎನ್ನುವವರು ಸಿಗುತ್ತಾರೆ. ಹಾಕಲು ಆಗುತ್ತದೆ, ತಪಾಸಣೆಯನ್ನು ದಾಟಿಸುವ ದಾರಿಗಳಿವೆ. ಆದರೆ ಅಂಥ ಮಷೀನ್‌ಗೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಮೈಕ್ರೋಸಾಫ್ಟ್ ಮಾತು ಕೊಡುವುದಿಲ್ಲ. ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರ್‌ನಲ್ಲಿ ಈ ಸಾಹಸ ಬೇಡ.

ಜಾಸ್ತಿ ಜನ ಬೀಳುವುದು ಆರು ಮತ್ತು ಏಳನೇ ಜನರೇಷನ್ನಿನ ಬಲೆಗೆ. ನೋಡಲು ಎಂಟರಂತೆಯೇ ಇರುತ್ತದೆ, ಬೆಲೆ ಸ್ವಲ್ಪ ಕಡಿಮೆ, ಪೆಟ್ಟಿಗೆಯೂ ಅದೇ ಕಪ್ಪು ಬಣ್ಣ. ಆಗ ಮಾಡೆಲ್ ನಂಬರ್ ನೋಡಿ. ಡೆಲ್‌ನಲ್ಲಿ 3050, 5050, 7050 ಅಂದರೆ ಆರು-ಏಳನೇ ಜನರೇಷನ್. 3060, 5060, 7060 ಅಂದರೆ ಎಂಟು. ಎಚ್‌ಪಿ ಎಲೀಟ್‌ಡೆಸ್ಕ್ 800ರಲ್ಲಿ ಜಿ3 ಹಳೆಯದು, ಜಿ4 ಎಂಟನೆಯದು. ಲೆನೊವೊದಲ್ಲಿ ಎಂ710 ಬಿಟ್ಟು ಎಂ720 ಕೇಳಿ. ಒಂದು ಅಂಕಿಯ ವ್ಯತ್ಯಾಸ, ಆದರೆ ವಿಂಡೋಸ್ 11 ಬರುತ್ತದೋ ಇಲ್ಲವೋ ಅನ್ನುವುದು ಅಲ್ಲೇ ತೀರ್ಮಾನ. ವಿಂಡೋಸ್ ಬೇಡ, ಲಿನಕ್ಸ್ ಮಿಂಟ್ ಹಾಕಿಕೊಳ್ಳುತ್ತೇವೆ ಅನ್ನುವವರು ಮಾತ್ರ ಆರು-ಏಳನೆಯದನ್ನು ಧೈರ್ಯವಾಗಿ ತಗೊಂಡು ದುಡ್ಡು ಉಳಿಸಬಹುದು. ಮಿಂಟ್ ಉಚಿತ, ಬ್ರೌಸರ್ ಕೆಲಸಕ್ಕೆ ಚೆನ್ನಾಗಿದೆ.

ನಂಬರ್ ಕೊನೆಯ ಅಕ್ಷರವನ್ನೂ ಬಿಡಬೇಡಿ. ಇಂಟೆಲ್‌ನಲ್ಲಿ ಕೊನೆಗೆ ಎಫ್ ಇದ್ದರೆ, ಉದಾಹರಣೆಗೆ ಐ3-12100ಎಫ್, ಅದರಲ್ಲಿ ಡಿಸ್‌ಪ್ಲೇ ಕೊಡುವ ಗ್ರಾಫಿಕ್ಸ್ ಇರುವುದಿಲ್ಲ. ಬೇರೆ ಕಾರ್ಡ್ ಕೊಳ್ಳದಿದ್ದರೆ ಪರದೆಯೇ ಬೆಳಗುವುದಿಲ್ಲ. ಎಎಂಡಿಯಲ್ಲಿ ಇದಕ್ಕೆ ಉಲ್ಟಾ: 5600ಜಿ ಅಂತ ಕೊನೆಗೆ ಜಿ ಇದ್ದರೆ ಗ್ರಾಫಿಕ್ಸ್ ಇದೆ, ಬರೀ 5600 ಆದರೆ ಇಲ್ಲ.

ಆನ್‌ಲೈನ್ ಜಾಹೀರಾತಿನ ಬಗ್ಗೆಯೂ ಹೇಳಿಬಿಡುತ್ತೇನೆ. ‘ಕೋರ್ ಐ5, 16 ಜಿಬಿ, 512 ಎಸ್‌ಎಸ್‌ಡಿ, 2 ಜಿಬಿ ಗ್ರಾಫಿಕ್ಸ್, ಗೇಮಿಂಗ್ ಪಿಸಿ’ ಅಂತ ಉದ್ದಕ್ಕೆ ಬರೆದು ಪ್ರೊಸೆಸರ್ ನಂಬರ್ ಮಾತ್ರ ಬರೆಯದೇ ಇದ್ದರೆ ಮುಂದಕ್ಕೆ ಹೋಗಿ. ವಿವರದಲ್ಲಿ ಎಚ್61 ಅಥವಾ ಎಚ್81 ಮದರ್‌ಬೋರ್ಡ್ ಅಂತ ಕಂಡರೆ ಗುಟ್ಟು ಬಯಲಾಯಿತು. ಎಚ್61 ಎರಡು-ಮೂರನೇ ಜನರೇಷನ್‌ಗೆ, ಎಚ್81 ನಾಲ್ಕನೆಯದಕ್ಕೆ ಆಗುವ ಬೋರ್ಡ್. ಬೋರ್ಡ್ ಹೊಸದಾಗಿ ತಯಾರಾಗಿರಬಹುದು, ಪ್ರೊಸೆಸರ್ ಹತ್ತು ವರ್ಷಕ್ಕೂ ಹಳೆಯದು. ಜಿಟಿ 610, ಜಿಟಿ 730 ಥರದ ಹಳೇ ಕಾರ್ಡ್ ಸಿಕ್ಕಿಸಿ ‘ಗ್ರಾಫಿಕ್ಸ್ ಇದೆ’ ಅನ್ನುವುದರಿಂದ ಮನೆ ಕೆಲಸಕ್ಕೆ ಏನೂ ಲಾಭವಿಲ್ಲ.

ರ‍್ಯಾಮ್ ಮತ್ತು ಎಸ್‌ಎಸ್‌ಡಿ

8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಇಷ್ಟು ಸಾಕು. ಎಸ್‌ಎಸ್‌ಡಿ ಅಂದರೆ ಹಾರ್ಡ್ ಡಿಸ್ಕ್ ಬದಲಿಗೆ ಬಂದಿರುವ ವೇಗದ ಡಿಸ್ಕ್. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದೆ, ಹಾಗಾಗಿ ಸುಮ್ನೆ 16ಕ್ಕೆ ಹೋಗಬೇಡಿ. ಒಂದು ಸ್ಲಾಟ್ ಖಾಲಿ ಇದೆಯಾ ನೋಡಿಕೊಂಡರೆ ಮುಂದೆ ಬೇಕಾದಾಗ ಹಾಕಿಸಬಹುದು. ಆದರೆ ಎಸ್‌ಎಸ್‌ಡಿ ವಿಷಯದಲ್ಲಿ ರಾಜಿ ಬೇಡ. 1 ಟಿಬಿ ಹಾರ್ಡ್ ಡಿಸ್ಕ್ ಇದೆ ಅಂತ ಹಿಗ್ಗುವುದು ಬೇಡ, ವಿಂಡೋಸ್ ಅದರಲ್ಲಿದ್ದರೆ ಎಂಥ ಪ್ರೊಸೆಸರ್ ಇದ್ದರೂ ಆಮೆ ನಡಿಗೆಯೇ. ಹೆಸರಿಲ್ಲದ ಎಸ್‌ಎಸ್‌ಡಿ ಹಾಕಿ ಕೊಡುವುದು ಮಾಮೂಲಿ. ಗೊತ್ತಿರುವ ಕಂಪನಿಯದನ್ನು ಕೇಳಿ, ವಾರಂಟಿ ಎಷ್ಟು ಅಂತ ಬರೆಸಿಕೊಳ್ಳಿ.

ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಪರೀಕ್ಷೆ

ಒಂದು ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಮಷೀನ್ ಆನ್ ಮಾಡಿಸಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್‌ಗೆ ಹೋಗಿ ಸಿಪಿಯು ಮೇಲೆ ಕ್ಲಿಕ್ ಮಾಡಿದರೆ ಬಲಗಡೆ ಮೇಲೆ ಪ್ರೊಸೆಸರ್ ಪೂರ್ತಿ ಹೆಸರು ಬರುತ್ತದೆ. ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಮೆಮೊರಿ ಒತ್ತಿದರೆ ರ‍್ಯಾಮ್ ಎಷ್ಟು, ಎಷ್ಟು ಸ್ಲಾಟ್ ತುಂಬಿದೆ ಅಂತ ಕಾಣುತ್ತದೆ. ಡಿಸ್ಕ್ ಕೆಳಗೆ ಎಸ್‌ಎಸ್‌ಡಿಯೋ ಹಾರ್ಡ್ ಡಿಸ್ಕೋ ಅಂತ ಬರೆದಿರುತ್ತದೆ.

ಆಮೇಲೆ ರೀಸ್ಟಾರ್ಟ್ ಮಾಡಿಸಿ ಬಯಾಸ್ (ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪುಟ) ತೆರೆಯಿರಿ. ಅದಕ್ಕೆ ಆನ್ ಆಗುತ್ತಿರುವಾಗಲೇ ಒತ್ತಬೇಕಾದ ಕೀ: ಡೆಲ್‌ಗೆ ಎಫ್2, ಎಚ್‌ಪಿಗೆ ಎಫ್10, ಲೆನೊವೊಗೆ ಎಫ್1. ಪಾಸ್‌ವರ್ಡ್ ಕೇಳಿದರೆ ಹಳೆ ಆಫೀಸಿನವರ ಬೀಗ ಇನ್ನೂ ತೆಗೆದಿಲ್ಲ ಅಂತ ಅರ್ಥ. ತೆಗೆಸಿಕೊಟ್ಟ ಮೇಲೆಯೇ ದುಡ್ಡು. ಗಡಿಯಾರ ತಪ್ಪು ತೋರಿಸುತ್ತಿದ್ದರೆ ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ ಸತ್ತಿರಬಹುದು, ಅಲ್ಲೇ ಬದಲಾಯಿಸಿಕೊಡುತ್ತಾರೆ.

ಡೆಲ್ ಕ್ಯಾಬಿನೆಟ್ ಮೇಲೆ ಏಳು ಅಕ್ಷರ-ಅಂಕಿಗಳ ಸರ್ವಿಸ್ ಟ್ಯಾಗ್ ಅಂಟಿಸಿರುತ್ತಾರೆ. ಅದನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ಮಷೀನ್ ಯಾವಾಗ ಕಾರ್ಖಾನೆ ಬಿಟ್ಟಿತು ಅಂತ ತಿಳಿಯುತ್ತದೆ. ಕೊನೆಗೆ ಪೆನ್‌ಡ್ರೈವನ್ನು ಹಿಂದಿನ, ಮುಂದಿನ ಎಲ್ಲ ಯುಎಸ್‌ಬಿಗೂ ಹಾಕಿ ತೆಗೆಯಿರಿ. ಯೂಟ್ಯೂಬ್ ವಿಡಿಯೊ ಒಂದನ್ನು ಹತ್ತು ನಿಮಿಷ ಓಡಿಸಿ ಫ್ಯಾನ್ ಸದ್ದು ಕೇಳಿ. ಅವಸರ ಮಾಡುವ ಅಂಗಡಿಯಾದರೆ ಬೇರೆ ಅಂಗಡಿಗೆ ಹೋಗಿ.

ವಿಂಡೋಸ್ ಅಸಲಿಯೇ? ಸೆಟ್ಟಿಂಗ್ಸ್, ಸಿಸ್ಟಮ್, ಆ್ಯಕ್ಟಿವೇಷನ್ ನೋಡಿ. ಡಿಜಿಟಲ್ ಲೈಸೆನ್ಸ್ ಅಂತಿದ್ದರೆ ಸರಿ. ‘ನಿಮ್ಮ ಸಂಸ್ಥೆಯ ಆ್ಯಕ್ಟಿವೇಷನ್ ಸೇವೆ’ ಅನ್ನುವ ಅರ್ಥದ ಸಾಲು ಇಂಗ್ಲಿಷ್‌ನಲ್ಲಿ ಕಂಡರೆ ಅದು ಮನೆಗೆ ಕೊಡಬೇಕಾದ ಲೈಸೆನ್ಸ್ ಅಲ್ಲ. ಕ್ರ್ಯಾಕ್ ಮಾಡಿದ ವಿಂಡೋಸ್‌ನಲ್ಲಿ ನೆಟ್ ಬ್ಯಾಂಕಿಂಗ್ ಮಾಡಲೇಬೇಡಿ. ಕ್ರ್ಯಾಕ್ ಮಾಡಿದ ಎಂಎಸ್ ಆಫೀಸ್ ಕೂಡ ಬೇಡ, ಲಿಬ್ರೆಆಫೀಸ್ ಉಚಿತವಾಗಿ ಸಿಗುತ್ತದೆ.

ಮಾನಿಟರ್

22 ಇಂಚಿನ ಆಸುಪಾಸು, ಫುಲ್ ಎಚ್‌ಡಿ, ಅಂದರೆ 1920×1080. ಇದಕ್ಕಿಂತ ಕಡಿಮೆ ಬೇಡ. ಸೆಟ್‌ನಲ್ಲಿ ಸೇರಿಸಿ ಕೊಡುವ 18.5 ಇಂಚಿನ ಹಳೇ ಪರದೆಗಳಲ್ಲಿ ಇರುವುದು 1366×768. ಸಣ್ಣ ಅಕ್ಷರದಲ್ಲಿ ಕನ್ನಡ ಓದುವಾಗ ಒತ್ತುಗಳು ಒಂದಕ್ಕೊಂದು ಮೆತ್ತಿಕೊಂಡಂತೆ ಕಾಣುತ್ತವೆ. ಅದನ್ನು ಬಿಟ್ಟು ಬರೀ ಸಿಪಿಯು ಪೆಟ್ಟಿಗೆಯ ಬೆಲೆ ಕೇಳಿ, ಮಾನಿಟರ್ ಹೊಸದು ತಗೊಳ್ಳಿ. ಏಳೆಂಟು ಸಾವಿರದ ಸುತ್ತಮುತ್ತ ಒಳ್ಳೆಯದು ಸಿಗುತ್ತದೆ. ಎಷ್ಟೋ ಆಫೀಸ್ ಮಷೀನುಗಳಲ್ಲಿ ಎಚ್‌ಡಿಎಂಐ ಇರುವುದಿಲ್ಲ, ಡಿಸ್‌ಪ್ಲೇಪೋರ್ಟ್ ಇರುತ್ತದೆ. ಅದಕ್ಕೆ ತಕ್ಕ ಕೇಬಲ್ ಅಂಗಡಿಯಲ್ಲೇ ಕೇಳಿ ತನ್ನಿ. ವೈಫೈ, ಕ್ಯಾಮೆರಾ ಕೂಡ ಸಾಮಾನ್ಯವಾಗಿ ಇರುವುದಿಲ್ಲ, ಬೇಕಿದ್ದರೆ ಯುಎಸ್‌ಬಿಯದು ಕೊಳ್ಳಬೇಕು. ಕೀಬೋರ್ಡ್, ಮೌಸ್ ವೈರ್ ಇರುವುದೇ ಇರಲಿ.

ಬಿಲ್

ಜಿಎಸ್‌ಟಿ ಬಿಲ್ ಕೇಳಿ. ‘ಕಂಪ್ಯೂಟರ್ 1’ ಅಂತ ಬರೆದರೆ ಒಪ್ಪಬೇಡಿ. ಮಾಡೆಲ್, ಸೀರಿಯಲ್ ನಂಬರ್, ಪ್ರೊಸೆಸರ್ ಪೂರ್ತಿ ನಂಬರ್, ವಾರಂಟಿ ಎಷ್ಟು ತಿಂಗಳು, ಎಲ್ಲ ಬರೆಸಿ. ಬಾಯಿಮಾತಿನ ವಾರಂಟಿ ಮೂರು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಮನೆಗೆ ತಂದ ಮೇಲೆ

ಪ್ಲಗ್ ಹಾಕುವ ಮೊದಲು ಆ ಪಾಯಿಂಟಿಗೆ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಮೂರು ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲ್ಲ, ಹಳೇ ಬಾಡಿಗೆ ಮನೆಗಳಲ್ಲಿ ಎಷ್ಟೋ ಕಡೆ ವೈರ್ ಎಳೆದೇ ಇರುವುದಿಲ್ಲ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಅಂದರೆ ಕಾರಣ ಹೆಚ್ಚಾಗಿ ಅದೇ.

600 ವಿಎ ಯುಪಿಎಸ್ ಒಂದು ಇರಲಿ. ಕರೆಂಟು ಹೋದರೆ ಫೈಲ್ ಉಳಿಸಿ ಶಟ್‌ಡೌನ್ ಮಾಡುವಷ್ಟು ಹೊತ್ತು ಅದು ಸಾಕಾಗುತ್ತದೆ. ಅದಕ್ಕೆ ಲೇಸರ್ ಪ್ರಿಂಟರ್ ಮಾತ್ರ ಸಿಕ್ಕಿಸಬೇಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಹಿಂಬದಿ ನೋಡಿ, ಹಲವು ಮಾಡೆಲ್‌ಗಳಲ್ಲಿ ಯುಪಿಎಸ್ ಮೋಡ್ ಅನ್ನುವ ಸ್ವಿಚ್ ಇರುತ್ತದೆ. ಅದನ್ನು ಹಾಕಿ, ಒಮ್ಮೆ ಮೈನ್ ಆಫ್ ಮಾಡಿ ನೋಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗದಿದ್ದರೆ ಬೇರೆ ಯುಪಿಎಸ್ ಬೇಕಿಲ್ಲ, ಮೂರು ಸಾವಿರದಷ್ಟು ಉಳಿಯಿತು.

ಕನ್ನಡ ಟೈಪ್ ಮಾಡಲು ಯಾವುದೇ ಸಾಫ್ಟ್‌ವೇರ್ ಕೊಳ್ಳಬೇಕಾಗಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಟೈಮ್ ಆ್ಯಂಡ್ ಲ್ಯಾಂಗ್ವೇಜ್‌ಗೆ ಹೋಗಿ ಕನ್ನಡ ಸೇರಿಸಿ. ಅದರ ಕೀಬೋರ್ಡ್ ಪಟ್ಟಿಯಲ್ಲಿ ಇಂಗ್ಲಿಷ್ ಉಚ್ಚಾರಣೆಯಂತೆ ಟೈಪ್ ಮಾಡುವ ಫೊನೆಟಿಕ್ ಕೂಡ ಇದೆ. ವಿಂಡೋಸ್ ಕೀ ಜೊತೆ ಸ್ಪೇಸ್ ಬಾರ್ ಒತ್ತಿದರೆ ಕನ್ನಡ, ಮತ್ತೊಮ್ಮೆ ಒತ್ತಿದರೆ ಇಂಗ್ಲಿಷ್. ನುಡಿ ಕೀಬೋರ್ಡ್ ರೂಢಿಯಾಗಿರುವವರು ಅದನ್ನೇ ಹಾಕಿಕೊಳ್ಳಿ, ಆದರೆ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೇ ಫಾಂಟಿನಲ್ಲಿ ಬರೆದದ್ದನ್ನು ಅರ್ಜಿಯ ಪುಟಕ್ಕೆ ತಂದು ಅಂಟಿಸಿದರೆ ಅಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ.